ಹಳೆ ಚಿನ್ನದ ಗುಂಡಿಗಳನ್ನು ಪಹಣಿಗೆ ಸೇರಿಸಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಶಿವಮೊಗ್ಗದಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಇದನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದು ನಿಮ್ಮ ಕಚೇರಿಯ ಟಪಾಲಿಗೆ ಹಾಕಬಹುದಿತ್ತು. ಆದರೆ ಅರ್ಜಿಗೆ ಒಂದು ಸರ್ವೆ ನಂಬರ್ ಬೇಕು, ಒಬ್ಬ ಅರ್ಜಿದಾರ ಬೇಕು, ಇಂಥದ್ದು ನಷ್ಟ ಆಯಿತು ಅಂತ ತೋರಿಸಬೇಕು. ನಾನು ಹೇಳಬೇಕೆಂದಿರುವ ಜಾಗಗಳಿಗೆ ಇದ್ಯಾವುದೂ ಸರಿಯಾಗಿ ಇಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಅಜ್ಜಿ ಮನೆ ಹೊನ್ನಾಳಿ ಸೀಮೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಜನ ಇದ್ದಾರೆ, ಹೊಲ ಮನೆ ಮಾಡಿಕೊಂಡಿದ್ದಾರೆ. ಪರೀಕ್ಷೆ ಮಾಡಿಸದೆ ಅವರ ನೀರಿನ ಮೇಲೆ ಅಪವಾದ ಹೊರಿಸುವುದು ತಪ್ಪಾಗುತ್ತದೆ. ಊರಿಂದ ಒಂದು ಮೈಲಿ ಆಚೆ ಒಂದು ಬೋರೆ ಇದೆ. ಅದರ ಪಕ್ಕದ ಜಾಗವನ್ನು ಎಲ್ಲರೂ ‘ಚಿನ್ನದ ಗುಂಡಿ’ ಅಂತಲೇ ಕರೆಯುತ್ತಿದ್ದರು. ಸುತ್ತ ಲಂಟಾನದ ಪೊದೆ. ನಡುವೆ ಬಾಯಿ ತೆರೆದುಕೊಂಡ ಒಂದು ಹಳೆ ಗಣಿ ಬಾವಿ. ಕಟ್ಟೆ ಇಲ್ಲ, ಬೇಲಿ ಇಲ್ಲ. ಕಲ್ಲು ಎಸೆದರೆ ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಒಳಗಿಂದ ನೀರಿನ ಸದ್ದು ಬರುತ್ತಿತ್ತು. ನನ್ನ ಸೋದರಮಾವನ ಒಂದು ಎಮ್ಮೆ ಅದರಲ್ಲೇ ಬಿದ್ದು ಸತ್ತಿತ್ತು.

ಗುಂಡಿ ಪಕ್ಕದಲ್ಲಿ ಬೆಣಚು ಕಲ್ಲಿನ ಚೂರುಗಳ ರಾಶಿ ಇತ್ತು. ಸ್ವಲ್ಪ ತಗ್ಗಿನಲ್ಲಿ ಬೂದಿ ಬಣ್ಣದ ಮಣ್ಣು. ಎಷ್ಟು ನುಣುಪು ಅಂದರೆ ಜರಡಿ ಹಿಡಿದ ಅಕ್ಕಿ ಹಿಟ್ಟಿನ ಹಾಗೆ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿ ಹೋಗುತ್ತಿತ್ತು. ಅದರ ಮೇಲೆ ಹುಲ್ಲು ಕೂಡ ಸರಿಯಾಗಿ ಹುಟ್ಟುತ್ತಿರಲಿಲ್ಲ. ಊರಿನವರಿಗೆ ಅದು ಬಿಟ್ಟಿ ಸಿಕ್ಕ ಒಳ್ಳೆ ಮಣ್ಣು. ಎತ್ತಿನ ಗಾಡಿಯಲ್ಲಿ ತುಂಬಿಕೊಂಡು ಬಂದು ಮನೆಯ ನೆಲಕ್ಕೆ, ಜಗಲಿಗೆ, ಕಣಕ್ಕೆ ಹಾಕುತ್ತಿದ್ದರು. ಅಜ್ಜಿ ಮನೆ ಹಿತ್ತಲಿಗೂ ಎರಡು ಗಾಡಿ ಬಂದಿತ್ತು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಅದರಲ್ಲೇ ಅಡುಗೆ ಆಟ ಆಡಿದೆವು. ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಇಡ್ಲಿ ಮಾಡಿ, ತಿಂದ ಹಾಗೆ ಮಾಡಿ, ಕೆಲವು ಸಲ ನಿಜವಾಗಿಯೂ ಬಾಯಿಗೆ ಹಾಕಿಕೊಂಡೆವು.

ಆ ಮಣ್ಣು ಏನಿರಬಹುದು ಅಂತ ನನಗೆ ಹೊಳೆದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಕೋಲಾರದ ಕಡೆ ಕೆಲಸಕ್ಕೆ ಹೋದಾಗ.

ಸರ್ಕಾರಿ ಕೆಲಸ ಸಿಕ್ಕಿ ನನ್ನ ಮೊದಲ ಪೋಸ್ಟಿಂಗ್ ಆದದ್ದು ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ಗೆ. ಅಲ್ಲಿನ ಸೈನೈಡ್ ಗುಡ್ಡಗಳನ್ನು, ಅಂದರೆ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳನ್ನು, ನೀವು ನೋಡಿರಬಹುದು. ಎಷ್ಟೋ ಸಿನಿಮಾಗಳಲ್ಲಂತೂ ಎಲ್ಲರೂ ನೋಡಿದ್ದಾರೆ. ದೂರದಿಂದ ಅದು ಬೆಟ್ಟ ಅಂತಲೇ ಅನ್ನಿಸುತ್ತದೆ. ಹತ್ತಿರ ಹೋದರೆ ಗಿಡ ಮರ ಇಲ್ಲದ, ಮಳೆ ಕೊರೆದ ಗೀರುಗಳಿರುವ ಬೂದು ಮಣ್ಣಿನ ರಾಶಿ. ಮೊದಲ ಸಲ ಒಂದು ಹಿಡಿ ತೆಗೆದುಕೊಂಡಾಗ ಅದು ಬೆರಳ ಸಂದಿಯಿಂದ ಸೋರಿತು. ಅಜ್ಜಿ ಮನೆ ಹಿತ್ತಲಿನ ಮಣ್ಣೇ ಕೈಗೆ ಬಂದ ಹಾಗಾಯಿತು. ಅಲ್ಲೇ ನಿಂತುಬಿಟ್ಟೆ.

ಜೂನ್ ತಿಂಗಳ ಗಾಳಿಯಲ್ಲಿ ಆ ಗುಡ್ಡ ಊರೊಳಗೆ ಬರುತ್ತಿತ್ತು. ಬೆಳಿಗ್ಗೆ ಕ್ಲಾಸಿಗೆ ಹೋದರೆ ಡೆಸ್ಕುಗಳ ಮೇಲೆ ಬೂದಿ ಚೆಲ್ಲಿದ ಹಾಗೆ ಇರುತ್ತಿತ್ತು. ಒಬ್ಬಳು ಹುಡುಗಿ ದಿನಾ ಅದರ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದು, ಆಮೇಲೆ ಲಂಗದ ಅಂಚಿನಿಂದ ಒರೆಸಿ ಕೂರುತ್ತಿದ್ದಳು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಧೂಳು. ಮಕ್ಕಳು ಕೆಮ್ಮುತ್ತಲೇ ಪಾಠ ಕೇಳುತ್ತಿದ್ದರು. ಅವರಲ್ಲಿ ಎಷ್ಟೋ ಮಕ್ಕಳ ಅಪ್ಪಂದಿರು ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆಯಿಂದ ಮನೆಯಲ್ಲಿ ಮಲಗಿದ್ದರು.

ಅಲ್ಲಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿ ಕೆಲಸ ಶುರು ಮಾಡಿತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಸುಮಾರು 800 ಟನ್ ಚಿನ್ನ ತೆಗೆದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಗ ನಾನು ಅಲ್ಲೇ ಇದ್ದೆ. ಚಿನ್ನ ಹೋಯಿತು, ಕೆಲಸ ಹೋಯಿತು, ಕಂಪನಿ ಬಾಗಿಲು ಹಾಕಿತು. 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ ಮಣ್ಣು ಅಲ್ಲೇ ಉಳಿಯಿತು. ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳಿರುವ ಜಾಗ ಸಾವಿರ ಎಕರೆಗೂ ಜಾಸ್ತಿ. ಅಲ್ಲಿ ಇನ್ನೂ ಚಿನ್ನ ಇದೆ ಅನ್ನುವ ಕಾರಣಕ್ಕಾದರೂ ಆ ಮಣ್ಣಿಗೆ ಒಂದು ಕಡತ ಇದೆ, ಒಂದು ನಕ್ಷೆ ಇದೆ. ನಮ್ಮ ಕಡೆಯ ಗುಂಡಿಗಳಿಗೆ ಅದೂ ಇಲ್ಲ.

ಇಷ್ಟೊಂದು ಮಣ್ಣು ಎಲ್ಲಿಂದ ಬಂತು ಅಂತ ನನ್ನ ಅತ್ತಿಗೆ ಒಂದು ಸಲ ಕೇಳಿದರು. ಅವರ ಕೊರಳಲ್ಲಿ ಅವಲಕ್ಕಿ ಸರ ಇತ್ತು, 40 ಗ್ರಾಂ. ಈಗಿನ ಗಣಿಗಳಲ್ಲಿ ಒಂದು ಟನ್ ಕಲ್ಲಿಗೆ 4 ಗ್ರಾಂ ಚಿನ್ನ ಸಿಕ್ಕರೆ ಒಳ್ಳೆ ಗಣಿ ಅನ್ನಬಹುದು. ಆ ಲೆಕ್ಕದಲ್ಲಿ ಒಂದು ಸರಕ್ಕೆ 10 ಟನ್ ಕಲ್ಲು ಬೇಕು. ಅಂದರೆ ಮೂರ್ನಾಲ್ಕು ಟ್ರ್ಯಾಕ್ಟರ್ ಲೋಡು. ಅಷ್ಟನ್ನೂ ಒಡೆದು, ಅರೆದು, ಹಿಟ್ಟು ಮಾಡಿ, 40 ಗ್ರಾಂ ಮಾತ್ರ ತೆಗೆದುಕೊಂಡು ಮಿಕ್ಕಿದ್ದೆಲ್ಲ ಹೊರಗೆ ಸುರಿಯುತ್ತಾರೆ. ಅತ್ತಿಗೆ ಸರವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನಾನೂ ಅಡಿಕೆ ಮಾರಿದ ವರ್ಷ ಮಗಳಿಗೆ ಬಳೆ ಮಾಡಿಸಿದವಳೇ. ಚಿನ್ನ ಬೇಡ ಅಂತ ಯಾರಿಗೂ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ.

ನಮ್ಮ ಸೀಮೆಗೂ ಚಿನ್ನಕ್ಕೂ ನಂಟು ಹಳೆಯದು. ಹೊನ್ನಾಳಿ, ಹೊಳೆಹೊನ್ನೂರು ಅನ್ನುವ ಹೆಸರುಗಳಲ್ಲೇ ಹೊನ್ನು ಇದೆ. ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಆರಿಸುವ ಜಲಗಾರರು ಈ ಭಾಗದಲ್ಲಿ ತಲೆಮಾರುಗಳ ಕಾಲ ಇದ್ದರು. ಅಕ್ಕಸಾಲಿಗರ ಅಂಗಡಿ ಮುಂದಿನ ಮಣ್ಣನ್ನು ಗುಡಿಸಿ ತೊಳೆಯುವವರನ್ನೂ ಜಲಗಾರರು ಅಂತಲೇ ಕರೆಯುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದ ಹೊತ್ತಿಗೆ ಮೈಸೂರು ಸೀಮೆಯ ಚಿನ್ನದ ನೆಲಗಳನ್ನು ನೋಡುತ್ತಾ ಹೊನ್ನಾಳಿ ಕಡೆಗೂ ಬಂದಿದ್ದರು. ಆಮೇಲೆ ಆ ಸೀಮೆಯ ಕುದುರೆಕೊಂಡ, ಪಲವನಹಳ್ಳಿ ಅನ್ನುವ ಊರಿನ ಹೆಸರುಗಳು ಭೂವಿಜ್ಞಾನದ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಶಿವಮೊಗ್ಗದ ಹೆಸರನ್ನೇ ಹೊತ್ತ ಒಂದು ದೊಡ್ಡ ಶಿಲಾಪಟ್ಟಿ ಇದೆ, ಶಿವಮೊಗ್ಗ ಶಿಸ್ಟ್ ಪಟ್ಟಿ ಅಂತ. ಈ ಚಿನ್ನ ಎಲ್ಲ ಅದರೊಳಗಿನದ್ದೇ.

ಮರಿಗೆಯಲ್ಲಿ ಮರಳು ತೊಳೆದರೆ ಹಳ್ಳಕ್ಕೆ ದೊಡ್ಡ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಗಟ್ಟಿ ಕಲ್ಲನ್ನು ಒಡೆದು ಪುಡಿ ಮಾಡಿದಾಗ. ಹಿಂದೆ ಆ ಪುಡಿಗೆ ಪಾದರಸ ಸೇರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಗಾಳಿಗೆ ಹೋದ ಪಾದರಸ, ನೀರಿಗೆ ಸೋರಿದ ಪಾದರಸ ಕೊನೆಗೆ ಸೇರುವುದು ಕೆರೆ, ಹೊಳೆಯ ಕೆಸರಿಗೆ. ಅಲ್ಲಿಂದ ಮೀನಿನ ಮೈಗೆ ಬರುತ್ತದೆ. 1887ರಲ್ಲಿ ಸೈನೈಡ್ ವಿಧಾನ ಕಂಡುಹಿಡಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವನ್ನೂ ಕರಗಿಸಿ ತೆಗೆಯುವುದು ಸಾಧ್ಯವಾಯಿತು. ಹಾಗಾಗಿ ಇನ್ನೂ ಜಾಸ್ತಿ ಕಲ್ಲು, ಇನ್ನೂ ನುಣುಪಾದ ಪುಡಿ.

ಸೈನೈಡ್ ಅಂದ ತಕ್ಷಣ ಜನ ಹೆದರುತ್ತಾರೆ. ಹೆದರಬೇಕಾದ್ದೇ. ಆದರೆ ಹಳೆ ದಿಬ್ಬಗಳ ವಿಷಯದಲ್ಲಿ ನನಗೆ ಸೈನೈಡ್‌ಗಿಂತ ಆರ್ಸೆನಿಕ್ ಅನ್ನುವ ಇನ್ನೊಂದು ವಿಷದ ಚಿಂತೆ ಜಾಸ್ತಿ. ಮಲೆನಾಡಿನವರಿಗೆ ಇದನ್ನು ಮರಗೆಣಸಿನಿಂದ ಹೇಳುವುದು ಸುಲಭ. ಮರಗೆಣಸಿನಲ್ಲೂ ಸೈನೈಡ್ ಅಂಶ ಇರುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಸಿಪ್ಪೆ ತೆಗೆದು, ನೀರಿನಲ್ಲಿ ನೆನೆಸಿ, ಚೆನ್ನಾಗಿ ಬೇಯಿಸಿ, ನೀರು ಬಸಿದು ತಿನ್ನುತ್ತೇವೆ. ಬಿಸಿಲು, ಗಾಳಿ, ಶಾಖಕ್ಕೆ ಸೈನೈಡ್‌ನ ಬಹುಪಾಲು ಕಾಲ ಕಳೆದ ಹಾಗೆ ಒಡೆದು ಹೋಗುತ್ತದೆ. ಆರ್ಸೆನಿಕ್ ಹಾಗಲ್ಲ. ಅದು ಮೂಲವಸ್ತು. ಒಡೆಯುವುದಿಲ್ಲ, ಕೊಳೆಯುವುದಿಲ್ಲ. ನೂರು ವರ್ಷ ಆದರೂ ಅಷ್ಟೇ ಇರುತ್ತದೆ. ನೀರು ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಚಿನ್ನ ಇರುವ ಕಲ್ಲಿನಲ್ಲಿ ಎಷ್ಟೋ ಕಡೆ ಆರ್ಸೆನಿಕ್ ಇರುವ ಖನಿಜವೂ ಸೇರಿಕೊಂಡೇ ಇರುತ್ತದೆ. ಕಲ್ಲು ಗಟ್ಟಿಯಾಗಿದ್ದಾಗ ಅದು ಒಳಗೇ ಬಂಧಿ. ಹಿಟ್ಟಾಗಿ ಹೊರಗೆ ಬಿದ್ದಾಗ ಮಳೆ ನೀರು ಮತ್ತು ಗಾಳಿ ಎರಡೂ ಅದನ್ನು ಮುಟ್ಟುತ್ತವೆ.

ಇದು ಪುಸ್ತಕದ ಮಾತು ಅಂತ ಪಕ್ಕಕ್ಕಿಡಬೇಡಿ. ನಮ್ಮ ರಾಜ್ಯದಲ್ಲೇ ನಡೆದದ್ದು ಇದೆ. ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ ಕಿರದಳ್ಳಿ ತಾಂಡಾ ಅಂತ ಒಂದು ಪುಟ್ಟ ಊರು. ಹತ್ತಿರದ ಮಂಗಳೂರು ಅನ್ನುವ ಹಳ್ಳಿಯ ಸುತ್ತ ಹಳೆ ಚಿನ್ನದ ಗಣಿಗಳಿವೆ. ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಬೇರೆ ಊರು. ತಾಂಡಾದ ಜನರಿಗೆ ಮೈಮೇಲೆ ಕಪ್ಪು ಬಿಳಿ ಮಚ್ಚೆ, ಅಂಗೈ ಅಂಗಾಲಿನಲ್ಲಿ ಗಂಟು ಏಳಲು ಶುರುವಾಯಿತು. ಅಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿದ 59 ಕೊಳವೆ ಬಾವಿಗಳ ನೀರಿನಲ್ಲಿ 100ಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಮಿತಿಗಿಂತ ಜಾಸ್ತಿ ಇತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ಒಂದು ಬಾವಿಯಲ್ಲಿ 303 ಇತ್ತು. ತಪಾಸಣೆಗೆ ಬಂದ 181 ಜನರಲ್ಲಿ 58.6 ಶೇಕಡಾ ಮಂದಿಗೆ ಆರ್ಸೆನಿಕ್‌ನಿಂದ ಬರುವ ಚರ್ಮದ ತೊಂದರೆ ಇತ್ತು. ಮೇಲ್ಮಣ್ಣಿನಲ್ಲೂ ಆರ್ಸೆನಿಕ್ ತುಂಬಾ ಇತ್ತು. ಅದು ಗಣಿಯ ಪುಡಿ ಮಣ್ಣಿನಿಂದ ಬಂದಿರಬಹುದು ಅಂತ ಅಧ್ಯಯನ ಮಾಡಿದವರು ಹೇಳಿದರು.

ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತೆಂಗಿನ ಚಿಪ್ಪಿನ ಇಡ್ಲಿ ಕಣ್ಣ ಮುಂದೆ ಬಂತು. ಅಜ್ಜಿಯ ಅಂಗೈ ನೆನಪಾಯಿತು. ಗಟ್ಟಿಯಾಗಿ, ಒರಟಾಗಿ, ಅಲ್ಲಲ್ಲಿ ಸಣ್ಣ ಗಂಟುಗಳಿದ್ದ ಅಂಗೈ. ಜೀವಮಾನ ಇಡೀ ಒನಕೆ, ಕುಡುಗೋಲು ಹಿಡಿದ ಕೈ ಅದು. ಕೆಲಸ ಮಾಡಿದ ಕೈ ಹಾಗೇ ಇರುತ್ತದೆ, ಬಹುಶಃ ಅಷ್ಟೇ ಇರಬಹುದು. ಈಗ ತಿಳಿದುಕೊಳ್ಳುವ ದಾರಿ ಇಲ್ಲ. ಆದರೆ ಆ ಊರಲ್ಲಿ ಈಗ ಆಡುತ್ತಿರುವ ಮಕ್ಕಳ ವಿಷಯದಲ್ಲಿ ದಾರಿ ಇದೆ, ಅಲ್ವಾ?

ಆ ದಾರಿ ಹಿಡಿದು ನಾನೇ ಸ್ವಲ್ಪ ದೂರ ಹೋಗಿ ನೋಡಿದೆ. ಗುಂಡಿ ಹತ್ತಿರದ ಒಂದು ತೋಟದ ಬೋರ್‌ವೆಲ್ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿಕೊಂಡು ಒಂದು ಕಚೇರಿಗೆ ಹೋದೆ. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುತ್ತೇವೆ, ಆರ್ಸೆನಿಕ್ ನಮ್ಮ ಪಟ್ಟಿಯಲ್ಲಿಲ್ಲ ಅಂದರು. ಇನ್ನೊಂದು ಕಡೆ ಪಂಚಾಯಿತಿಯ ಪತ್ರ ತನ್ನಿ ಅಂದರು. ಪಂಚಾಯಿತಿಯಲ್ಲಿ, ಇಲ್ಲಿ ಯಾರೂ ದೂರು ಕೊಟ್ಟಿಲ್ಲವಲ್ಲ ಅಂದರು. ಮೂರನೇ ಕಡೆ ಬಾಟಲಿ ಇಟ್ಟುಕೊಂಡು ಚೀಟಿ ಕೊಟ್ಟರು. ಎಂಟು ತಿಂಗಳಾಯಿತು. ಚೀಟಿ ನನ್ನ ಹತ್ತಿರ ಭದ್ರವಾಗಿದೆ, ಫಲಿತಾಂಶ ಬಂದಿಲ್ಲ. ಯಾರೂ ನನ್ನ ಜೊತೆ ಒರಟಾಗಿ ಮಾತಾಡಲಿಲ್ಲ. ಒಬ್ಬರು ಕೂರಿಸಿ ಚಹಾ ಕೊಟ್ಟರು. ಆದರೆ ಇಂಥ ಪ್ರಶ್ನೆ ಬರಬಹುದು ಅಂತ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಕಷ್ಟ ಇದೆ, ಅದು ನಮ್ಮ ನೆಲಕ್ಕೇ ಸೇರಿದ್ದು. ಬೇರೆ ದೇಶಗಳಲ್ಲಿ ಹಳೆ ಗಣಿ ಸೋರುತ್ತಿದ್ದರೆ ಹಳ್ಳದ ಕಲ್ಲುಗಳು ಕೆಂಪು ಹಳದಿ ಬಣ್ಣಕ್ಕೆ ತಿರುಗುತ್ತವೆ, ಅದನ್ನು ನೋಡಿ ಗುರುತು ಹಿಡಿಯುತ್ತಾರೆ. ಕಲ್ಲಿನೊಳಗಿನ ಗಂಧಕ, ನೀರು ಮತ್ತು ಗಾಳಿ ಸೇರಿ ಆಮ್ಲ ಆಗುತ್ತದೆ. ಆಮ್ಲ ಲೋಹಗಳನ್ನು ಕರಗಿಸಿ ಹೊರಗೆ ತರುತ್ತದೆ. ಆದರೆ ನಮ್ಮ ಮಲೆನಾಡಿನ ಬಾವಿಗಳಲ್ಲಿ, ಗದ್ದೆ ಅಂಚಿನ ಒರತೆಗಳಲ್ಲಿ ಕೆಂಪು ಗಸಿ ಮಾಮೂಲಿ. ನೀರಿನ ಮೇಲೆ ಎಣ್ಣೆ ಪದರದ ಹಾಗೆ ಹೊಳೆಯುವ ತುಕ್ಕು ಬರುತ್ತದೆ. ಅದು ಕಬ್ಬಿಣ, ಬಹುತೇಕ ನಿರಪಾಯ. ಹಾಗಾಗಿ ಕಣ್ಣಿಂದ ನೋಡಿ ಇದು ಒಳ್ಳೆ ನೀರು, ಇದು ಕೆಟ್ಟ ನೀರು ಅಂತ ಹೇಳುವ ಹಾಗಿಲ್ಲ. ಲ್ಯಾಬ್ ಪರೀಕ್ಷೆ ಬಿಟ್ಟರೆ ಬೇರೆ ದಾರಿ ಇಲ್ಲ.

ಮಳೆಯ ಮಾತು ಹೇಳಲೇಬೇಕು. ಕೋಲಾರದ ಕಡೆ ಮಳೆ ಕಮ್ಮಿ. ಅಲ್ಲಿ ಮಣ್ಣನ್ನು ಊರೊಳಗೆ ತರುವುದು ಮುಖ್ಯವಾಗಿ ಗಾಳಿ. ಹೊನ್ನಾಳಿ ಕೂಡ ಬಯಲು ಸೀಮೆಯ ಅಂಚು. ಆದರೆ ಅದೇ ಶಿಲಾಪಟ್ಟಿಯ ಜಾಡು ಹಿಡಿದು ಪಶ್ಚಿಮಕ್ಕೆ ಬಂದರೆ ಮಳೆ ಏರುತ್ತಾ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ. ಅಂಥ ಮಳೆಯಲ್ಲಿ ಹಿಟ್ಟಿನಂಥ ಮಣ್ಣಿನ ರಾಶಿ ಇಟ್ಟರೆ ಅದು ಇಟ್ಟಲ್ಲಿ ಇರುತ್ತದಾ? ಕುದುರೆಮುಖದಲ್ಲಿ ನಾವು ನೋಡಿದ್ದೇವೆ. ಅದು ಕಬ್ಬಿಣದ ಅದಿರು, ಚಿನ್ನದ್ದಲ್ಲ. ಆದರೆ ಅದಿರು ಅರೆದು ಉಳಿದ ಪುಡಿಯನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟೆಯನ್ನೇ ಕಟ್ಟಬೇಕಾಯಿತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ನಿಂತು ಇಷ್ಟು ವರ್ಷ ಆದರೂ ಆ ಅಣೆಕಟ್ಟೆಯ ಹಿಂದಿನ ಹೂಳು ಅಲ್ಲೇ ಇದೆ. ಕೆಳಗೆ ಭದ್ರಾ. ಭದ್ರೆಯ ನೀರು ಕುಡಿದು, ಭದ್ರೆಯ ಕಾಲುವೆಯಿಂದ ಗದ್ದೆ ನೆಟ್ಟು ಬದುಕುವವರು ನಾವು. ಪ್ರತಿ ಮಳೆಗಾಲ ಆ ಕಟ್ಟೆಯನ್ನು ಯಾರಾದರೂ ಕಾಯುತ್ತಲೇ ಇರಬೇಕು. ಎಷ್ಟು ವರ್ಷ ಅಂತ ಯಾರೂ ಹೇಳಲಾರರು.

ಕಟ್ಟೆ ಒಡೆದರೆ ಏನಾಗುತ್ತದೆ ಅನ್ನುವುದಕ್ಕೆ ರೊಮೇನಿಯಾದ ಬಾಯಾ ಮಾರೆ ಸಾಕು. 2000ನೇ ಇಸವಿಯ ಜನವರಿ 30. ಮಳೆ ಮತ್ತು ಕರಗಿದ ಹಿಮದ ನೀರು ತುಂಬಿ ಒಂದು ಕೊಳದ ದಂಡೆ ಒಡೆಯಿತು. ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆ ಸೇರಿ, ಟೀಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ ಹರಿಯಿತು. ಪಕ್ಕದ ಹಂಗೇರಿಯಲ್ಲಿ ರಾಶಿ ರಾಶಿ ಮೀನು ಸತ್ತವು. ನನಗೆ ಮನಸ್ಸಿಗೆ ನಾಟಿದ್ದು ಏನೆಂದರೆ, ಅದು ಹೊಸ ಗಣಿ ಅಲ್ಲ. ಹಳೆ ಗಣಿಯ ಉಳಿಕೆ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುತ್ತಿದ್ದ ಘಟಕ.

ಇನ್ನು ನಾನು ನಿಮ್ಮಿಂದ ಕೇಳುತ್ತಿರುವುದು ಏನು ಅಂತ ಹೇಳುತ್ತೇನೆ.

ಮೊದಲು ನಿಮ್ಮ ರೆಕಾರ್ಡ್ ರೂಮಿನ ಬಾಗಿಲು ತೆಗೆಸಿ. ಹೊನ್ನಾಳಿ ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ, ನನಗೆ ಗೊತ್ತು. ಆದರೆ ಅದು ಸೇರಿದ್ದು 1997ರಲ್ಲಿ. ಗಣಿ ನಡೆದ ಕಾಲದಲ್ಲಿ ಅದು ಶಿವಮೊಗ್ಗ ಜಿಲ್ಲೆ. ಗಣಿಗೆ ಭೂಮಿ ಕೊಟ್ಟ ಆದೇಶ, ಹಳೆ ನಕ್ಷೆ, ಕಂದಾಯದ ಲೆಕ್ಕ ಏನಾದರೂ ಉಳಿದಿದ್ದರೆ ಅದನ್ನು ಮೊದಲು ಹುಡುಕಬೇಕಾದ ಜಾಗ ನಿಮ್ಮ ಕಚೇರಿಯೇ. ಗೆದ್ದಲು ತಿನ್ನುವ ಮೊದಲು ಅದನ್ನು ಯಾರಾದರೂ ಕೂತು ನೋಡಲಿ. ಪಕ್ಕದ ಜಿಲ್ಲಾಧಿಕಾರಿಗಳ ಜೊತೆ ನೀವೇ ಒಮ್ಮೆ ಮಾತಾಡಿ. ಗಡಿ ಬದಲಾದಾಗ ಇಂಥ ಕೆಲಸಗಳು ಎರಡೂ ಕಡೆಯವರ ಕೈಯಿಂದ ಜಾರಿ ಹೋಗುತ್ತವೆ.

ಆಮೇಲೆ ಗ್ರಾಮ ಆಡಳಿತ ಅಧಿಕಾರಿ, ಭೂಮಾಪಕರು, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಒಟ್ಟಿಗೆ ಹೋಗಿ ನಡೆದು ನೋಡಬೇಕು. ಬರೀ ಕಡತ ನೋಡಿದರೆ ಸಾಲದು. ಊರಿನ ಹಿರಿಯರನ್ನು, ದನ ಕಾಯುವವರನ್ನು ಕೇಳಬೇಕು. ಗುಂಡಿ ಎಲ್ಲಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ತೆರೆದ ಬಾವಿಗಳಿಗೆ ಬೇಲಿ ಹಾಕಿಸಿ. ಅದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ, ನಾಳೆಯೇ ಮಾಡಬಹುದು. ಪುಡಿ ಮಣ್ಣು ಕಂಡ ಕಡೆ ಮಣ್ಣನ್ನೂ, ಸುತ್ತಲಿನ ಬಾವಿ, ಬೋರ್‌ವೆಲ್, ಕೆರೆಯ ನೀರನ್ನೂ ಆರ್ಸೆನಿಕ್ ಮತ್ತು ಪಾದರಸಕ್ಕೆ ಪರೀಕ್ಷೆ ಮಾಡಿಸಿ. ಒಂದೇ ಸಲ ಮಾಡಿ ಬಿಡಬೇಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ನೀರಿನ ಮಟ್ಟ ಬದಲಾದ ಹಾಗೆ ಲೆಕ್ಕವೂ ಬದಲಾಗುತ್ತದೆ. ಫಲಿತಾಂಶವನ್ನು ಪಂಚಾಯಿತಿಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ಏನೂ ಇಲ್ಲ ಅಂತ ಬಂದರೆ ಅದನ್ನೂ ಬರೆಸಿ. ಆಗ ಆ ಊರಿನವರೂ ನಾನೂ ನೆಮ್ಮದಿಯಾಗಿ ಮಲಗುತ್ತೇವೆ.

ಎಲ್ಲಕ್ಕಿಂತ ಜಾಸ್ತಿ ನಾನು ಕೇಳುವುದು ಪಹಣಿಯ ವಿಷಯ. ಅಂಥ ಜಾಗದ ಪಹಣಿಯಲ್ಲಿ, ಇಲ್ಲಿ ಹಳೆ ಗಣಿ ಗುಂಡಿ ಇದೆ, ಇಲ್ಲಿ ಗಣಿ ಮಣ್ಣು ಇದೆ ಅಂತ ಒಂದು ಸಾಲು ಬರಬೇಕು. ಪಹಣಿಯಲ್ಲಿ ಸಾಲದ ವಿವರ ಬರುತ್ತದೆ, ಬೆಳೆ ಬರುತ್ತದೆ, ಸಾಗುವಳಿಗೆ ಬಾರದ ಖರಾಬು ಬರುತ್ತದೆ. ಇದೂ ಬರಲಿ. ಈಗ ಎಲ್ಲ ಕಡೆ ಸೈಟು ಆಗುತ್ತಿದೆ. ಖರಾಬು ಅಂತ ಬರೆದಿರುವ ಜಾಗದಲ್ಲೇ ಆಶ್ರಯ ಮನೆ, ಅಂಗನವಾಡಿ, ಶಾಲೆಯ ಆಟದ ಬಯಲು ಬರುವುದು. ನಾನು ಶಿಕ್ಷಕಿಯಾಗಿ ಎಷ್ಟೋ ಶಾಲೆ ನೋಡಿದ್ದೇನೆ. ಊರಲ್ಲಿ ಯಾರಿಗೂ ಬೇಡದ ನೆಲವೇ ಶಾಲೆಗೆ ಸಿಗುವುದು. ಅಂಗನವಾಡಿಯ ಅಂಗಳಕ್ಕೆ ಬಿಟ್ಟಿ ಸಿಗುವ ಬೂದು ಮಣ್ಣು ಹಾಕಿಸುವ ಸದಸ್ಯನಿಗೆ ಕೆಟ್ಟ ಬುದ್ಧಿ ಇರುವುದಿಲ್ಲ. ನನ್ನ ಅಜ್ಜನಿಗೂ ಇರಲಿಲ್ಲ. ಅವರಿಗೆ ಹೇಳುವವರು ಇರಲಿಲ್ಲ ಅಷ್ಟೇ.

ಹಣ ಎಲ್ಲಿಂದ ಅಂತ ನೀವು ಕೇಳಬಹುದು. 2015ರಲ್ಲಿ ಗಣಿ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ ಜಿಲ್ಲೆಗೊಂದು ಖನಿಜ ಪ್ರತಿಷ್ಠಾನ ಇದೆ. ಗಣಿ ನಡೆಸುವವರು ಅದಕ್ಕೆ ಹಣ ಕಟ್ಟುತ್ತಾರೆ. ಗಣಿಯಿಂದ ತೊಂದರೆಗೊಳಗಾದ ಜನರಿಗೆ, ಪ್ರದೇಶಗಳಿಗೆ ಆ ಹಣ ಖರ್ಚಾಗಬೇಕು. ನೂರು ವರ್ಷದ ಹಿಂದೆ ತೊಂದರೆಗೊಳಗಾದ ಪ್ರದೇಶವೂ ಪ್ರದೇಶವೇ. ಈಗ ಅಲ್ಲಿ ಗುತ್ತಿಗೆದಾರ ಯಾರೂ ಇಲ್ಲ ಅನ್ನುವ ಕಾರಣಕ್ಕೆ ಆ ಊರನ್ನು ಪಟ್ಟಿಯಿಂದ ಬಿಡಬೇಡಿ. ನಿಯಮ ಅಡ್ಡ ಬಂದರೆ ಸರ್ಕಾರಕ್ಕೆ ಬರೆಯಿರಿ. ನೀರು, ಮಣ್ಣಿನ ಪರೀಕ್ಷೆಗೆ ಕೋಟಿಗಟ್ಟಲೆ ಬೇಕಿಲ್ಲ.

ಇದೆಲ್ಲ ಈಗಲೇ ಯಾಕೆ ಅಂದರೆ, ಹೊಸದಾಗಿ ಹುಡುಕಾಟದ ಕಾಲ ಬಂದಿದೆ. 2023ರ ತಿದ್ದುಪಡಿಯಲ್ಲಿ ಆಳದಲ್ಲಿ ಸಿಗುವ ಖನಿಜಗಳ ಅನ್ವೇಷಣೆಗೆ ಬೇರೆಯದೇ ಪರವಾನಗಿ ಬಂತು. 29 ಖನಿಜಗಳ ಆ ಪಟ್ಟಿಯಲ್ಲಿ ಚಿನ್ನವೂ ಇದೆ. ಚಿನ್ನದ ಬೆಲೆ ನೋಡುತ್ತಿದ್ದೀರಿ. ಬೆಲೆ ಏರಿದಾಗ ಹಿಂದೆ ಲಾಭ ಇಲ್ಲ ಅಂತ ಬಿಟ್ಟುಹೋದ ಜಾಗಗಳಿಗೆ ಮತ್ತೆ ಜನ ಬರುತ್ತಾರೆ. ಬರುವವರು ಕಾನೂನಿನ ಪ್ರಕಾರವೇ ಬರಬಹುದು. ಈಗ ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು ಅನ್ನುವ ನಿಯಮ ಇದೆ. ಅದು ಬಂದದ್ದು 2003ರಲ್ಲಿ. ಅದಕ್ಕಿಂತ ನೂರು ವರ್ಷ ಮುಂಚೆ ತೋಡಿ ಹೋದವರಿಗೆ ಅಂಥ ಯಾವ ನಿಯಮವೂ ಇರಲಿಲ್ಲ. ಹಳೆಯದು ಎಷ್ಟು, ಎಲ್ಲಿ ಅಂತ ಈಗಲೇ ಬರೆದಿಡದಿದ್ದರೆ, ಮುಂದೆ ನೀರು ಕೆಟ್ಟಾಗ ಹೊಸಬರು ಇದು ಹಳೆಯದು ಅನ್ನುತ್ತಾರೆ. ಹಳಬರು ಯಾರೂ ಇರುವುದಿಲ್ಲ. ಊರಿನವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

2021ರ ಜನವರಿ 21ರ ರಾತ್ರಿ ಇಲ್ಲೇ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದಾಗ ನಮ್ಮ ಮನೆ ಕಿಟಕಿ ಗಾಜು ಅದುರಿತ್ತು. ಭೂಕಂಪ ಅಂದುಕೊಂಡು ಅಕ್ಕಪಕ್ಕದವರೆಲ್ಲ ರಸ್ತೆಗೆ ಬಂದು ನಿಂತಿದ್ದೆವು. ಮಾರನೇ ದಿನದಿಂದ ಜಿಲ್ಲೆಯ ಕ್ವಾರಿಗಳ ಬಗ್ಗೆ ಎಲ್ಲರೂ ಮಾತಾಡಿದರು. ಸದ್ದು ಆಗಿದ್ದಕ್ಕೆ ಮಾತಾಡಿದರು. ನಾನು ಹೇಳುತ್ತಿರುವ ಮಣ್ಣು ಸದ್ದು ಮಾಡುವುದಿಲ್ಲ. ಮಚ್ಚೆ ಕಾಣಿಸಿಕೊಳ್ಳುವುದಕ್ಕೇ ಎಷ್ಟೋ ವರ್ಷ ಹಿಡಿಯುತ್ತದೆ. ಅದಕ್ಕೇ ಯಾರೂ ದೂರು ಕೊಡುವ ಮೊದಲೇ ನೀವು ಹೋಗಬೇಕು ಅಂತ ಕೇಳುತ್ತಿದ್ದೇನೆ.

ಜನವರಿ ಕಳೆದರೆ ಬೋರೆಯ ಹುಲ್ಲು ಒಣಗಿರುತ್ತದೆ, ಪೊದೆ ತೆಳುವಾಗಿರುತ್ತದೆ, ಗುಂಡಿಯ ಬಾಯಿ ಚೆನ್ನಾಗಿ ಕಾಣುತ್ತದೆ. ಯಾವ ದಿನ ಅಂತ ನೀವು ಹೇಳಿದರೆ ಸಾಕು. ನನ್ನ ಮೊಣಕಾಲು ಅಷ್ಟು ಚೆನ್ನಾಗಿಲ್ಲ, ಆದರೂ ಬರುತ್ತೇನೆ. ಗುಂಡಿ ತೋರಿಸುತ್ತೇನೆ, ಅಜ್ಜಿ ಮನೆಯ ಹಿತ್ತಲೂ ತೋರಿಸುತ್ತೇನೆ. ಆ ಮಣ್ಣು ಅಲ್ಲಿ ಇನ್ನೂ ಇದೆ. ಈಗ ಅದರ ಮೇಲೆ ನನ್ನ ಸೋದರಮಾವನ ಮೊಮ್ಮಕ್ಕಳು ಆಡುತ್ತಾರೆ. ಮಣ್ಣು ತುಂಬಿಕೊಳ್ಳಲು ಒಂದು ಡಬ್ಬಿ, ನೀರಿಗೆ ಎರಡು ಬಾಟಲಿ ತರಲು ನಿಮ್ಮವರಿಗೆ ಹೇಳಿ.

ಇಂತಿ,
ಶಿವಮೊಗ್ಗದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ